ಚೆಂಡು ಬಿದ್ದಲ್ಲಿಂದಲೇ

ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ತಮ್ಮ ಕೊರತೆಯನ್ನು ಬೇರೊಂದರ ಮೇಲೆ ಹೊರಿಸುವವರನ್ನು ಹಂಗಿಸಲು ಈ ಮಾತು ಚೆನ್ನಾಗಿ ಒದಗುತ್ತದೆ. ಆದರೆ ನೆಲವು ನಿಜವಾಗಿಯೂ ಡೊಂಕಾಗಿರುವ ಆಟವೊಂದುಂಟು. ಅದು ಗಾಲ್ಫ್. ಏರು, ತಗ್ಗು, ಮರ, ಕೊಳ, ಮರಳಿನ ಗುಂಡಿ, ಬೀಸುವ ಗಾಳಿ ಇವೆಲ್ಲ ಆ ಆಟದ ಅಂಗಗಳೇ. ಆದುದರಿಂದ ಕೆಟ್ಟದಾಗಿ ಆಡಿದವನಿಗೆ ಅಲ್ಲಿ ನೆಪಗಳ ಬರವೆಂಬುದಿಲ್ಲ. ಇಂಥ ಆಟವನ್ನು ಹಣಕ್ಕಾಗಿ ಅಲ್ಲ, ಕೀರ್ತಿಗಾಗಿ ಅಲ್ಲ, ಬರಿಯ ಸಂತೋಷಕ್ಕಾಗಿ ಆಡುವವನು ತನ್ನ ಉತ್ಸಾಹವನ್ನು ಉಳಿಸಿಕೊಳ್ಳುವುದು ಹೇಗೆ? ವಾರಕ್ಕೊಮ್ಮೆ ಆಡುವ, ಬಹುಕಾಲ ಆಡಿಯೂ ಚೆನ್ನಾಗಿ ಆಡಲು ಬಾರದ ನನ್ನನ್ನು ಈ ಪ್ರಶ್ನೆ ಕಾಡುತ್ತಲೇ ಇದೆ.

ಗಾಲ್ಫ್ ಬೆಳೆದುದು ಸ್ಕಾಟ್ಲೆಂಡಿನ ಕಡಲತೀರದ ಹುಲ್ಲುಬಯಲುಗಳಲ್ಲಿ. ಜನರು ಬಿಲ್ವಿದ್ಯೆಯ ಅಭ್ಯಾಸವನ್ನು ಮರೆತು ಇದರಲ್ಲಿ ಮುಳುಗುತ್ತಾರೆಂದು 1457ರಲ್ಲಿ ಅಲ್ಲಿನ ಪಾರ್ಲಿಮೆಂಟು ಈ ಆಟವನ್ನು ನಿಷೇಧಿಸಿತ್ತು. ನಿಷೇಧ ಉಳಿಯಲಿಲ್ಲ; ಆಟ ಉಳಿಯಿತು. ಬ್ರಿಟಿಷರೊಡನೆ ಅದು ನಮ್ಮ ನಾಡಿಗೂ ಬಂದು, 1876ರಲ್ಲಿಯೇ ಬೆಂಗಳೂರಿನಲ್ಲಿ ಒಂದು ಗಾಲ್ಫ್ ಕ್ಲಬ್ ಸ್ಥಾಪನೆಯಾಯಿತು. ಇಂದಿಗೂ ಇದು ದುಬಾರಿಯ ಆಟವೇ. ನಿಮ್ಮಲ್ಲಿ ಕೆಲವರು ಇದನ್ನು ಬೇಲಿಯ ಹೊರಗಿನಿಂದ ನೋಡಿರಬಹುದು. ಹಲವರು ಅದನ್ನೂ ನೋಡಿರಲಾರಿರಿ. ಆದುದರಿಂದ ಇದರ ಕ್ರಮವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ನಿಂಬೆಹಣ್ಣಿನಷ್ಟು ಗಾತ್ರದ ಗಟ್ಟಿ ಚೆಂಡನ್ನು ಕೋಲಿನಿಂದ ಹೊಡೆಯುತ್ತ, ನೂರಾರು ಮೀಟರ್ ದೂರದಲ್ಲಿರುವ ಕುಳಿಯೊಂದಕ್ಕೆ ಬೀಳಿಸಬೇಕು. ಕುಳಿಯ ಅಗಲ ನಾಲ್ಕೂಕಾಲು ಅಂಗುಲ ಮಾತ್ರ. ಇಂಥ 18 ಕುಳಿಗಳನ್ನು ಮುಗಿಸಿದರೆ ಒಂದು ಆಟ. ಅತಿ ಕಡಿಮೆ ಹೊಡೆತಗಳಲ್ಲಿ ಮುಗಿಸಿದವನು ಗೆದ್ದಂತೆ. ನುರಿತವನಿಗೆ ಇಷ್ಟು ಹೊಡೆತ ಸಾಕೆಂದು ಪ್ರತಿ ಕುಳಿಗೂ ಒಂದು ಸಂಖ್ಯೆಯನ್ನು ಗೊತ್ತುಮಾಡಿರುತ್ತಾರೆ; ಅದಕ್ಕೆ ಪಾರ್ ಎಂದು ಹೆಸರು. ಸಾಮಾನ್ಯವಾಗಿ 18 ಕುಳಿಗಳಿಗೂ ಸೇರಿ ಅದು 72ರ ಆಸುಪಾಸಿನಲ್ಲಿರುತ್ತದೆ. ನನ್ನಂಥವನಿಗೆ ನೂರಾದರೂ ಬೇಕು.

ಒಂದು ಹೊಡೆತಕ್ಕೆ ಹಿಡಿಯುವ ಕಾಲ ಎರಡು ಸೆಕೆಂಡಿಗಿಂತ ಹೆಚ್ಚಲ್ಲ. ನೂರು ಹೊಡೆತಗಳೆಂದರೂ ಮೂರೂವರೆ ನಿಮಿಷವಾಗದು. ಆದರೆ ಆಟ ಮುಗಿಯಲು ನಾಲ್ಕು ಗಂಟೆ ಬೇಕು. ಉಳಿದ ಕಾಲವೆಲ್ಲ ನಡೆಯುವುದರಲ್ಲಿ, ಕಾಯುವುದರಲ್ಲಿ ಮತ್ತು ಯೋಚಿಸುವುದರಲ್ಲಿ ಕಳೆಯುತ್ತದೆ. ಕ್ರಿಕೆಟ್ಟಿನಲ್ಲಿ ಔಟಾದವನು ಪೆವಿಲಿಯನ್ನಿಗೆ ಹೋಗಿ ಕುಳಿತುಕೊಳ್ಳಬಹುದು. ಗಾಲ್ಫಿನಲ್ಲಿ ಕೆಟ್ಟ ಹೊಡೆತ ಹೊಡೆದವನು ಆ ಚೆಂಡಿನ ಕಡೆಗೇ ನಡೆದುಹೋಗಬೇಕು. ನಡೆಯುವಷ್ಟು ಹೊತ್ತೂ ತನ್ನನ್ನು ತಾನೇ ಹಳಿದುಕೊಳ್ಳಲು ಬೇಕಾದಷ್ಟು ಬಿಡುವು! ಈ ಆಟದಲ್ಲಿ ಆಶಾವಾದದ ಪರೀಕ್ಷೆ ನಡೆಯುವುದು ಕೋಲನ್ನು ಬೀಸುವಾಗ ಅಲ್ಲ, ಈ ನಡಿಗೆಯಲ್ಲಿ.

ಆದರೆ ಆಶಾವಾದವೆಂದರೇನೆಂಬುದನ್ನು ಮೊದಲು ತಿಳಿಯಬೇಕು. ಚೆಂಡು ಮರಗಳ ಹಿಂದೆ ಹೋಗಿ ಬಿದ್ದಿದೆ ಎಂದುಕೊಳ್ಳೋಣ. ಎರಡು ಕಾಂಡಗಳ ನಡುವೆ ಕಿಟಕಿಯಷ್ಟು ಸಂದು ಕಾಣುತ್ತಿದೆ. ಎಂದೋ ಒಮ್ಮೆ ಅಂಥ ಸಂದಿನಲ್ಲಿ ಚೆಂಡು ತೂರಿಹೋದುದು ಆಟಗಾರನಿಗೆ ನೆನಪಿದೆ. ತೂರದೆ ಹೋದ ಹತ್ತು ಸಲದ ನೆನಪಿಲ್ಲ. ಅವನು ಬಲವಾಗಿ ಬೀಸುತ್ತಾನೆ. ಚೆಂಡು ಕಾಂಡಕ್ಕೆ ಬಡಿದು ಇನ್ನೂ ಹಿಂದಕ್ಕೆ ಬರುತ್ತದೆ. ಇದನ್ನು ಆಶಾವಾದವೆನ್ನುವವರಿದ್ದಾರೆ. ನಾನು ಇದನ್ನು ಮರೆವು ಎನ್ನುತ್ತೇನೆ. ಪಕ್ಕದ ಬಯಲಿಗೆ ಚೆಂಡನ್ನು ಮೆಲ್ಲನೆ ತಳ್ಳಿ, ಒಂದು ಹೊಡೆತ ಹೋಯಿತೆಂದು ಒಪ್ಪಿಕೊಂಡು, ಅಲ್ಲಿಂದ ಮುಂದಿನದನ್ನು ಯೋಚಿಸುವವನು ಹೆಚ್ಚು ಆಶಾವಾದಿ. ಏಕೆಂದರೆ ಅವನಿಗೆ ಒಂದು ಹೊಡೆತದಲ್ಲಲ್ಲ, ಇಡೀ ಆಟದಲ್ಲಿ ನಂಬಿಕೆಯಿದೆ. ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಚೆಂಡು ಎಲ್ಲಿ ಹೇಗೆ ಬಿದ್ದಿದೆಯೋ ಅಲ್ಲಿಂದ ಹಾಗೆಯೇ ಆಡಬೇಕೆಂಬುದು ಗಾಲ್ಫಿನ ಮೂಲನಿಯಮ. ಬೀಳಬೇಕಾಗಿದ್ದ ಜಾಗದ ಮಾತು ಅಲ್ಲಿಲ್ಲ.

ಹವ್ಯಾಸಿಯ ಎದೆಗುಂದಿಸುವ ಇನ್ನೊಂದು ಸಂಗತಿ ಅವನ ಅತಿಯಾದ ನಿರೀಕ್ಷೆ. ಕುಳಿಯಿಂದ ಎಂಟು ಅಡಿ ದೂರದಲ್ಲಿರುವ ಚೆಂಡನ್ನು ಒಂದೇ ತಳ್ಳಿಗೆ ಒಳಹಾಕಲಾರದೆ ಹೋದರೆ ತನ್ನಂಥ ಅಪ್ರಯೋಜಕ ಇನ್ನಿಲ್ಲವೆಂದು ಅವನು ಕೊರಗುತ್ತಾನೆ. ಆದರೆ ಇದೇ ಬದುಕಾಗಿರುವ, ನಿತ್ಯ ಗಂಟೆಗಟ್ಟಲೆ ಅಭ್ಯಾಸ ಮಾಡುವ ಅಮೆರಿಕದ ವೃತ್ತಿಪರ ಆಟಗಾರರು ಕೂಡ ಅಷ್ಟು ದೂರದಿಂದ ಸರಿಸುಮಾರು ಅರ್ಧದಷ್ಟು ಸಲ ಮಾತ್ರ ಸಫಲರಾಗುತ್ತಾರೆ. ಈ ಒಂದು ಲೆಕ್ಕ ತಿಳಿದ ದಿನ ನನಗಾದ ಸಮಾಧಾನ ಯಾವ ಉಪದೇಶದಿಂದಲೂ ಆಗಿರಲಿಲ್ಲ.

ಈ ಆಟದ ಲೆಕ್ಕವಿಡುವ ಕ್ರಮದಲ್ಲಿಯೂ ಮನುಷ್ಯಸ್ವಭಾವವನ್ನು ಅರಿತವರ ಕೈ ಕಾಣುತ್ತದೆ. ಇಂಗ್ಲೆಂಡಿನಲ್ಲಿ ಫ್ರಾಂಕ್ ಸ್ಟೇಬಲ್‌ಫರ್ಡ್ ಎಂಬ ವೈದ್ಯರಿದ್ದರು. ಮೊದಲ ಒಂದೆರಡು ಕುಳಿಗಳಲ್ಲಿ ಹೊಡೆತಗಳು ಏರಿಹೋದರೆ ಉಳಿದ ಆಟದಲ್ಲಿ ಅನೇಕರಿಗೆ ಮನಸ್ಸೇ ಇರುವುದಿಲ್ಲವೆಂಬುದನ್ನು ಅವರು ಕಂಡಿದ್ದರು. ಹೊಡೆತಗಳನ್ನು ಕೂಡುವ ಬದಲು ಪ್ರತಿ ಕುಳಿಗೂ ಅಂಕ ಕೊಡುವ ಪದ್ಧತಿಯೊಂದನ್ನು ರೂಪಿಸಿದರು. 1932ರಲ್ಲಿ ವಾಲಸೀ ಎಂಬಲ್ಲಿ ಅದರಂತೆ ಪಂದ್ಯ ನಡೆಯಿತು. ಈ ಪದ್ಧತಿಯಲ್ಲಿ ಒಂದು ಕುಳಿ ತೀರ ಕೆಟ್ಟರೆ ಸಿಗುವುದು ಸೊನ್ನೆ. ಅದಕ್ಕಿಂತ ಕೆಳಗೆ ಯಾರೂ ಇಳಿಯಲಾರರು. ಚೆಂಡನ್ನು ಎತ್ತಿಕೊಂಡು ಮುಂದಿನ ಕುಳಿಗೆ ನಡೆಯಬಹುದು.

ಅದಕ್ಕಿಂತಲೂ ನನಗೆ ಪ್ರಿಯವಾದುದು ಹ್ಯಾಂಡಿಕ್ಯಾಪ್ ಎಂಬ ಏರ್ಪಾಡು. ಆಟಗಾರನ ಶಕ್ತಿಯನ್ನು ಅಳೆದು, ಅದಕ್ಕೆ ತಕ್ಕಂತೆ ಅವನಿಗೆ ಕೆಲವು ಹೊಡೆತಗಳ ರಿಯಾಯಿತಿ ಕೊಡುತ್ತಾರೆ. ಇದರಿಂದ ಕುಶಲನೂ ಮಂದನೂ ಜೊತೆಯಲ್ಲಿ ಆಡಬಲ್ಲರು. 2020ರಲ್ಲಿ ಜಾರಿಗೆ ಬಂದ ವಿಶ್ವವ್ಯಾಪಿ ಪದ್ಧತಿಯಂತೆ, ಈ ಅಳತೆಗೆ ಆಟಗಾರನ ಹಿಂದಿನ 20 ಆಟಗಳ ಪೈಕಿ ಅತ್ಯುತ್ತಮವಾದ 8 ಆಟಗಳ ಸರಾಸರಿಯನ್ನು ಹಿಡಿಯುತ್ತಾರೆ. ಇದನ್ನು ಸ್ವಲ್ಪ ನಿಂತು ಯೋಚಿಸಿರಿ. ಕೆಟ್ಟ 12 ಆಟಗಳನ್ನು ಮುಚ್ಚಿಡುವಂತಿಲ್ಲ. ಅವುಗಳನ್ನೂ ಬರೆದು ಒಪ್ಪಿಸಲೇಬೇಕು. ಆದರೆ ನಿನ್ನ ಯೋಗ್ಯತೆಯನ್ನು ಅಳೆಯುವಾಗ ನಿನ್ನ ಒಳ್ಳೆಯ ದಿನಗಳನ್ನೇ ನೋಡುತ್ತೇವೆ ಎನ್ನುತ್ತದೆ ಈ ಕ್ರಮ. ನಮ್ಮ ಶಾಲೆಗಳ ಅಂಕಪಟ್ಟಿಗಳಿಗೆ ಇಷ್ಟು ಔದಾರ್ಯವಿದ್ದಿದ್ದರೆ ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಸಂತೋಷಕ್ಕಾಗಿ ಆಡುವವರಲ್ಲಿ ಅಗ್ರಗಣ್ಯನೆಂದರೆ ಅಮೆರಿಕದ ಬಾಬ್ಬಿ ಜೋನ್ಸ್. ಜಗತ್ತಿನ ಶ್ರೇಷ್ಠ ಆಟಗಾರರಲ್ಲಿ ಒಬ್ಬನಾಗಿದ್ದೂ, ತಾನು ಆಡುತ್ತಿದ್ದ ಕಾಲವೆಲ್ಲ ಅವನು ಹವ್ಯಾಸಿಯಾಗಿಯೇ ಉಳಿದನು. 1921ರಲ್ಲಿ, 19ರ ಹರೆಯದಲ್ಲಿ, ಅವನು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಬ್ರಿಟಿಷ್ ಓಪನ್ ಪಂದ್ಯಕ್ಕೆ ಇಳಿದನು. ಮೂರನೆಯ ಸುತ್ತಿನ ಮೊದಲ 9 ಕುಳಿಗಳಿಗೇ 46 ಹೊಡೆತಗಳಾದವು. 11ನೆಯ ಕುಳಿಯಲ್ಲಿ ಚೆಂಡು ಮರಳುಗುಂಡಿಗೆ ಬಿದ್ದಿತು. ಸಿಟ್ಟಿಗೆದ್ದ ಯುವಕ ಅಲ್ಲಿಗೇ ಪಂದ್ಯವನ್ನು ಕೈಬಿಟ್ಟನು. ಮುಂದೆ ಇದಕ್ಕಾಗಿ ಅವನು ಬಹಳ ನೊಂದುಕೊಂಡನು. 1925ರ ಅಮೆರಿಕದ ಓಪನ್ ಪಂದ್ಯದಲ್ಲಿ, ಹೊಡೆಯಲು ಸಿದ್ಧನಾಗುತ್ತಿದ್ದಾಗ ಅವನ ಚೆಂಡು ಕೊಂಚ ಅಲುಗಿತು. ಬೇರೆ ಯಾರೂ ಅದನ್ನು ಕಾಣಲಿಲ್ಲ. ಅವನು ತಾನಾಗಿ ಒಂದು ಹೊಡೆತದ ದಂಡವನ್ನು ತನ್ನ ಮೇಲೆ ಹಾಕಿಕೊಂಡನು. ಕೊನೆಯಲ್ಲಿ ಇನ್ನೊಬ್ಬನೊಡನೆ ಸಮಸಮನಾಗಿ ನಿಂತು, ಮರುಪಂದ್ಯದಲ್ಲಿ ಸೋತನು. ಎರಡು ವರ್ಷಗಳ ಅನಂತರ, ತಾನು ಬಿಟ್ಟುಹೋಗಿದ್ದ ಸೇಂಟ್ ಆಂಡ್ರೂಸ್‌ನಲ್ಲಿಯೇ ಬ್ರಿಟಿಷ್ ಓಪನ್ ಪ್ರಶಸ್ತಿಯನ್ನು ಗೆದ್ದನು. 1958ರಲ್ಲಿ ಆ ಊರು ಅವನಿಗೆ ಪೌರಗೌರವವನ್ನು ನೀಡಿತು. ಆ ವೇಳೆಗೆ ವ್ಯಾಧಿಯಿಂದ ಅವನಿಗೆ ನಡೆಯುವುದೇ ಕಷ್ಟವಾಗಿತ್ತು.

ಜೋನ್ಸನ ಕಥೆಯನ್ನು ಓದಿ ಮೆಚ್ಚಿದವನೆಂದ ಮಾತ್ರಕ್ಕೆ ಅವನಂತೆ ನಡೆದೆನೆಂದಲ್ಲ. ಒಂದು ಭಾನುವಾರ 14ನೆಯ ಕುಳಿಯಲ್ಲಿ ನನ್ನ ಚೆಂಡು ಮರಳಿನಲ್ಲಿ ಹೂತಿತ್ತು. ಒಂದು ಸಲ ಬೀಸಿದಾಗ ಮರಳು ಹಾರಿತೇ ಹೊರತು ಚೆಂಡು ಕದಲಲಿಲ್ಲ. ಹೇಗೋ ಮುಗಿಸಿ, ಚೀಟಿಯಲ್ಲಿ ಆರು ಎಂದು ಬರೆಯಹೊರಟೆ. ಕದಲದ ಚೆಂಡಿನ ಹೊಡೆತವೂ ಒಂದು ಹೊಡೆತವೇ ಎಂದು ಮನಸ್ಸು ವಾದಿಸುತ್ತಿತ್ತು. ನನ್ನ ಕೋಲುಗಳ ಚೀಲವನ್ನು ಹೊರುತ್ತಿದ್ದ ಕ್ಯಾಡಿ, ನನಗಿಂತ ಹಿರಿಯ, ಬೇರೆಲ್ಲಿಯೋ ನೋಡುತ್ತ ಮೆಲ್ಲನೆ ಹೇಳಿದ:

"ಏಳು, ಸಾರ್."

ನಾನು ಏಳೆಂದೇ ಬರೆದೆ. ಮುಖ ಬಾಡಿದ್ದಿರಬೇಕು. ಆತ ಚೀಲವನ್ನು ಹೆಗಲಿಗೇರಿಸಿಕೊಂಡು, "ಇನ್ನೂ ನಾಲ್ಕು ಇದೆ, ಬನ್ನಿ ಸಾರ್" ಎಂದು ಮುಂದೆ ನಡೆದ.