ಅಂತರ್ಜಾಲ ತರಬೇತಿ: ಹಾಜರಿಗಿಂತ ಚರ್ಚೆ ಮುಖ್ಯ

ಜಮಖಂಡಿ: ಸರ್ಕಾರಿ ವೈದ್ಯರೊಬ್ಬರು ತರಬೇತಿಗೆಂದು ಸುಮಾರು 500 ಕಿ.ಮೀ. ದೂರದ ಬೆಂಗಳೂರಿಗೆ ಹೊರಟರೆ ಅಷ್ಟು ದಿನ ಅವರ ಕುರ್ಚಿ ಖಾಲಿ. ಒಬ್ಬರೇ ವೈದ್ಯರಿರುವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದರ ಹೊರೆ ಬೀಳುವುದು ರೋಗಿಯ ಮೇಲೆ. ಅಂತರ್ಜಾಲದ ಗುಂಪು ತರಬೇತಿ ಈ ತೊಂದರೆಯನ್ನು ತಪ್ಪಿಸುತ್ತದೆ. ಆದರೆ ಅದರ ನಿಜವಾದ ಲಾಭ ಬೇರೆಯೇ ಇದೆ.

ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ ಭಾರತೀಯ ಮೂಲದ ಡಾ. ಸಂಜೀವ್ ಅರೋರಾ 2003ರಲ್ಲಿ 'ಎಕೋ' ಯೋಜನೆ ಆರಂಭಿಸಿದರು. ಹಳ್ಳಿ ಹಾಗೂ ಸೆರೆಮನೆಗಳ ವೈದ್ಯರು ತಮ್ಮ ಹೆಪಟೈಟಿಸ್ ಸಿ ರೋಗಿಗಳ ವಿವರವನ್ನು ವಿಡಿಯೊ ಮೂಲಕ ತಜ್ಞರ ಮುಂದಿಡುತ್ತಿದ್ದರು; ಉಳಿದವರು ಕೇಳಿ ಕಲಿಯುತ್ತಿದ್ದರು. 407 ರೋಗಿಗಳ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ವಿಶ್ವವಿದ್ಯಾಲಯದ ಚಿಕಿತ್ಸಾಲಯದಲ್ಲಿ ಶೇ 57.5ರಷ್ಟು ರೋಗಿಗಳು ಗುಣಮುಖರಾಗಿದ್ದರೆ, ಈ ವೈದ್ಯರ ಬಳಿ ಶೇ 58.2ರಷ್ಟು ಮಂದಿ ಗುಣಮುಖರಾಗಿದ್ದರು. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ಇದೇ ಮಾದರಿಯನ್ನು ಮಾನಸಿಕ ಆರೋಗ್ಯ ಕ್ಷೇತ್ರಕ್ಕೆ ತಂದಿತು.

ನಮ್ಮ ಭಾಗಕ್ಕೆ ಇದರ ಅಗತ್ಯವೇನು? ಹಾವು ಕಡಿತವನ್ನೇ ನೋಡೋಣ. ರಾಜ್ಯ ಸರ್ಕಾರ 2024ರಲ್ಲಿ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ಜಮಖಂಡಿ, ಮುಧೋಳ ಕಬ್ಬಿನ ಸೀಮೆ. ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲೂ ರೈತರು ರಾತ್ರಿ ಹೊಲಕ್ಕೆ ನೀರು ಹಾಯಿಸುತ್ತಾರೆ. ಮಂಡಲದ ಹಾವಿನ ವಿಷ ರಕ್ತವನ್ನು ಕೆಡಿಸಿದೆಯೇ ಎಂದು ತಿಳಿಯಲು ಒಂದು ಗಾಜಿನ ನಳಿಕೆ, 20 ನಿಮಿಷ ಸಾಕು: ರಕ್ತ ಹೆಪ್ಪುಗಟ್ಟದಿದ್ದರೆ ಪ್ರತಿವಿಷ ಬೇಕು. ಪರೀಕ್ಷೆ ಸುಲಭ, ಔಷಧ ಒಗ್ಗದೆ ರೋಗಿ ಕುಸಿದರೆ ಎಂಬ ಅಂಜಿಕೆಯನ್ನು ಗೆಲ್ಲುವುದು ಕಷ್ಟ. ಆ ಧೈರ್ಯ ಪುಸ್ತಕದಿಂದ ಬಾರದು. ಮುಧೋಳದಲ್ಲಿ ಉಳಿದ ಜೀವದ ವಿವರವನ್ನು ಬೀಳಗಿಯ ವೈದ್ಯರು, ಶುಶ್ರೂಷಾಧಿಕಾರಿಗಳು ಅದೇ ವಾರ ಕೇಳಿದರೆ ಒಬ್ಬರ ಅನುಭವ ನಾಲ್ಕು ತಾಲ್ಲೂಕಿನದಾಗುತ್ತದೆ. ತಪ್ಪಿದ ಪ್ರಕರಣವೂ ಪಾಠವಾಗುತ್ತದೆ.

ಆದರೆ ನೂರಾರು ಮಂದಿಯನ್ನು ಒಂದೇ ಕೊಂಡಿಗೆ ಜೋಡಿಸಿ, ಎಲ್ಲರ ಧ್ವನಿ ಮುಚ್ಚಿ ಉಪನ್ಯಾಸ ನೀಡಿದರೆ ಅದು ಹಾಜರಿ ಪುಸ್ತಕ ತುಂಬಿಸುವ ಕೆಲಸವಷ್ಟೇ. ಗುಂಪು ಚಿಕ್ಕದಿರಬೇಕು. ಆಶಾ ಕಾರ್ಯಕರ್ತೆಯರೂ ಬಾಯಿಬಿಡುವಂತೆ ಮಾತುಕತೆ ಕನ್ನಡದಲ್ಲಿ ನಡೆಯಬೇಕು. ಮುಖ್ಯವಾಗಿ, ವಾರದ ಆ ಒಂದು ಗಂಟೆಯನ್ನು ಕರ್ತವ್ಯದ ಅವಧಿಯೆಂದೇ ಪರಿಗಣಿಸಬೇಕು. ಹೊರರೋಗಿಗಳ ಸಾಲಿನ ನಡುವೆ ಮೊಬೈಲ್ ಕಿವಿಗಿಟ್ಟುಕೊಂಡು ಯಾರೂ ಕಲಿಯಲಾರರು. ಹೆರಿಗೆ ಮಾಡಿಸುವಂಥ ಕೈಕೆಲಸಕ್ಕೆ ಪ್ರತ್ಯಕ್ಷ ತರಬೇತಿಯೇ ಬೇಕು. ಪರದೆ ಅದಕ್ಕೆ ಬದಲಿಯಲ್ಲ.

ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ವಾರದ ಒಂದು ಗಂಟೆಯನ್ನು ಸಿಬ್ಬಂದಿಗೆ ಬಿಟ್ಟುಕೊಡುವ ಮನಸ್ಸನ್ನು ಆಡಳಿತ ಮಾಡಬೇಕಿದೆ.