ಕಬ್ಬಿನ ಲೆಕ್ಕ, ಮೂರು ದಾರಿಯ ಪಾಠ

ಮಿಶ್ರ ಕಲಿಕೆಯಲ್ಲಿ ಪಾಠದ ಒಂದು ಪಾಲು ತರಗತಿಯಲ್ಲಿ, ಇನ್ನೊಂದು ಆನ್‌ಲೈನಿನಲ್ಲಿ ನಡೆಯುತ್ತದೆ. ಯಾವುದು ಎಲ್ಲಿ ಎಂಬುದನ್ನು ಅಧ್ಯಾಪಕರೇ ಗೊತ್ತು ಮಾಡುತ್ತಾರೆ. ಹೈಫ್ಲೆಕ್ಸ್ ಪದ್ಧತಿಯಲ್ಲಿ ಆ ಆಯ್ಕೆ ವಿದ್ಯಾರ್ಥಿಗೆ ಸೇರಿದ್ದು: ತರಗತಿಗೆ ಬರಬಹುದು, ಅದೇ ಹೊತ್ತಿಗೆ ಮೊಬೈಲಿನಲ್ಲಿ ಸೇರಬಹುದು, ಇಲ್ಲವೇ ರೆಕಾರ್ಡ್ ಆದ ಪಾಠವನ್ನು ಬಿಡುವಿನಲ್ಲಿ ನೋಡಬಹುದು. ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ವಿಶ್ವವಿದ್ಯಾಲಯದ ಬ್ರಯಾನ್ ಬೀಟಿ 2006ರ ಸುಮಾರಿಗೆ ರೂಪಿಸಿದ ಈ ಪದ್ಧತಿಗೆ ಒಂದು ಕಟ್ಟುನಿಟ್ಟಿನ ಷರತ್ತಿದೆ. ಯಾವ ದಾರಿ ಹಿಡಿದರೂ ಕಲಿಕೆ ಒಂದೇ ಮಟ್ಟದ್ದಾಗಿರಬೇಕು.

ಕರ್ನಾಟಕದ ಸರ್ಕಾರಿ ಪದವಿ ಕಾಲೇಜುಗಳಿಗೆ 2021ರಲ್ಲಿ ಕರ್ನಾಟಕ ಎಲ್‌ಎಂಎಸ್ ಎಂಬ ಆನ್‌ಲೈನ್ ಕಲಿಕಾ ವ್ಯವಸ್ಥೆ ಬಂತು, ವಿದ್ಯಾರ್ಥಿಗಳ ಕೈಗೆ ಟ್ಯಾಬ್ ಬಂತು. ಒಂದು ವಿಷಯದ ಶೇ 40ರಷ್ಟನ್ನು ಆನ್‌ಲೈನಿನಲ್ಲಿ ಕಲಿಸಬಹುದೆಂಬ ಯುಜಿಸಿಯ ಕರಡೂ ಆ ವರ್ಷದ್ದೇ. ಆದರೆ ಹನೂರು, ಯಳಂದೂರು ಸೀಮೆಯಲ್ಲಿ ಮೂರು ದಾರಿಗಳೂ ಒಂದೇ ಸಮವಲ್ಲ. ಮಹದೇಶ್ವರ ಬೆಟ್ಟದ ಕಾಡಂಚಿನ ಹಳ್ಳಿಗಳಲ್ಲಿ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲಿ ನೇರಪ್ರಸಾರದ ತರಗತಿಯನ್ನು ನೆಚ್ಚಿಕೊಳ್ಳಲಾಗದು. ಮಾತು ತುಂಡಾಗುತ್ತದೆ, ಚಿತ್ರ ನಿಲ್ಲುತ್ತದೆ. ಸಿಗ್ನಲ್ ಸಿಕ್ಕಲ್ಲಿ ಇಳಿಸಿಕೊಂಡು ರಾತ್ರಿ ನೋಡುವ ಹತ್ತು ನಿಮಿಷದ ಪಾಠವೇ ಇಲ್ಲಿ ಗಟ್ಟಿ. ಅಧ್ಯಾಪಕರ ಶ್ರಮ ಮೊದಲು ಸಲ್ಲಬೇಕಾದದ್ದು ಇದಕ್ಕೆ. ತರಗತಿಯ ಕ್ಯಾಮೆರಾ ಆಮೇಲಿನದು.

ಇದೇ ಸೀಮೆಯ ಕುಂತೂರಿನಲ್ಲಿ ಸಕ್ಕರೆ ಕಾರ್ಖಾನೆ ಇದೆ. ಕಬ್ಬಿನ ಕಟಾವಿನ ದಿನಗಳಲ್ಲಿ ರೈತರ ಮಕ್ಕಳು ಗದ್ದೆಯಲ್ಲಿರುವುದು ಸಹಜ. ಅರ್ಥಶಾಸ್ತ್ರದ ‘ಬೆಲೆ ನಿಗದಿ’ ಪಾಠಕ್ಕೆ ಕಬ್ಬೇ ಉದಾಹರಣೆಯಾದರೆ ಹೇಗಿರುತ್ತದೆ? 2024-25ರ ಹಂಗಾಮಿಗೆ ಕೇಂದ್ರ ಗೊತ್ತು ಮಾಡಿದ ನ್ಯಾಯಸಮ್ಮತ ಮತ್ತು ಲಾಭದಾಯಕ ದರ (ಎಫ್‌ಆರ್‌ಪಿ), ಶೇ 10.25 ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 340 ರೂಪಾಯಿ, ಇಳುವರಿ ಶೇ 0.1 ಏರಿದರೆ 3.32 ರೂಪಾಯಿ ಹೆಚ್ಚು. ಇಳುವರಿ ಶೇ 10.55 ಆದರೆ ದರ 349.96. ತರಗತಿಯಲ್ಲಿರುವವರು ಬೋರ್ಡಿನ ಮೇಲೆ ಈ ಲೆಕ್ಕ ಬಿಡಿಸಿ, ಬೇರೆ ಬೇರೆ ಇಳುವರಿ ಹಿಡಿದು ವಾದಿಸುತ್ತಾರೆ. ಗದ್ದೆಯಲ್ಲಿರುವವರು ಪಾಠ ಕೇಳಿ, ತಮ್ಮ ಮನೆಯ ಕಬ್ಬಿನ ಬಿಲ್ಲಿಗೇ ಲೆಕ್ಕ ಹಾಕಿ, ಸಾಗಣೆಗೆಂದು ಕಾರ್ಖಾನೆ ಎಷ್ಟು ಮುರಿದುಕೊಂಡಿತೆಂದು ಬರೆದು ವಾಟ್ಸ್ಆ್ಯಪಿನಲ್ಲಿ ಕಳಿಸುತ್ತಾರೆ. ಆ ಉತ್ತರಗಳೇ ಮುಂದಿನ ತರಗತಿಯ ಚರ್ಚೆಗೆ ಸಾಮಗ್ರಿ. ಬರಲಾಗದವರು ತಂದ ತಿಳಿವಳಿಕೆ ಬಂದವರಿಗೂ ದಕ್ಕುತ್ತದೆ. ಹೈಫ್ಲೆಕ್ಸ್‌ನಲ್ಲಿ ಅತಿ ಬೆಲೆಯುಳ್ಳದ್ದು ಇದೇ, ವಿಡಿಯೊ ಅಲ್ಲ.

ಪ್ರಯೋಗಾಲಯದ ಕೆಲಸ, ಮೊದಲ ವಾರಗಳ ಪರಿಚಯ ಮಾತ್ರ ಮುಖಾಮುಖಿಯಲ್ಲೇ ನಡೆಯಬೇಕು. ಪರೀಕ್ಷೆ ಮೂರೂ ದಾರಿಯವರಿಗೆ ಒಂದೇ. ಹಾಜರಿಯನ್ನು ಬೆಂಚಿನ ಬದಲು ಮುಗಿಸಿದ ಕೆಲಸದಿಂದ ಅಳೆಯದೆ ಹೋದರೆ ವಿದ್ಯಾರ್ಥಿಗೆ ಆಯ್ಕೆಯೇ ಇಲ್ಲದಂತಾಗುತ್ತದೆ.

ಒಂದು ಘಟಕವನ್ನು ಹೀಗೆ ಕಟ್ಟಲು ಗಂಟೆಗಟ್ಟಲೆ ದುಡಿಮೆ ಬೇಕು. ಸರ್ಕಾರಿ ಕಾಲೇಜುಗಳ ಬೋಧನೆಯ ದೊಡ್ಡ ಹೊರೆ ಹೊತ್ತವರು ಅತಿಥಿ ಉಪನ್ಯಾಸಕರು. ಪಾಠ ರೆಕಾರ್ಡ್ ಮಾಡುವ, ರಾತ್ರಿ ಬಂದ ಉತ್ತರಗಳನ್ನು ತಿದ್ದುವ ಹೊತ್ತೂ ಅವರ ಕಾರ್ಯಭಾರಕ್ಕೆ ಸೇರಬೇಕು, ಅದಕ್ಕೆ ಸಂಭಾವನೆಯೂ ಸಿಗಬೇಕು.