ಒಪ್ಪಿಸೋದು ಅಂದ್ರೆ ಕೈಕಟ್ಟಿ ಕೂರೋದಲ್ಲ

ಯೂತ್ ಮೀಟಿಂಗಿಗೆ ಹೋಗೋರಲ್ಲಿ ಈ ಮಾತು ಕೇಳದವರು ಯಾರೂ ಇರಲ್ಲ: "ಚಿಂತೆ ಮಾಡಬೇಡ, ದೇವರಿಗೆ ಒಪ್ಪಿಸಿಬಿಡು."

ಮಾತು ನಿಜಾನೇ. ಆದ್ರೆ ಸಿಇಟಿ ರ‍್ಯಾಂಕ್ ನೋಡಿ ಆಪ್ಷನ್ ಎಂಟ್ರಿಯಲ್ಲಿ ಏನು ಹಾಕ್ಬೇಕು ಅಂತ ತಲೆ ಕೆಟ್ಟಿರುವಾಗ, ಈ ತಿಂಗಳ ಸಾಲದ ಕಂತಿಗೆ ದುಡ್ಡಿಲ್ಲ ಅಂತ ಅಮ್ಮ ಫೋನಲ್ಲಿ ಮೆಲ್ಲಗೆ ಹೇಳಿದಾಗ, ಒಪ್ಪಿಸೋದು ಹೇಗೆ ಅಂತ ಯಾರೂ ಹೇಳಿಕೊಡಲ್ಲ. ಮೊಣಕಾಲೂರಿ ಪ್ರಾರ್ಥನೆ ಮಾಡ್ತೀರಿ. ಆಮೆನ್ ಅಂತ ಎದ್ದು ಎರಡು ನಿಮಿಷ ಆಗಿರಲ್ಲ, ಅದೇ ಚಿಂತೆ ವಾಪಸ್ ಬಂದಿರುತ್ತೆ. ಅದರ ಮೇಲೆ ಇನ್ನೊಂದು ಚಿಂತೆ ಫ್ರೀ: "ನನಗೆ ವಿಶ್ವಾಸಾನೇ ಇಲ್ವೇನೋ."

ಈ ವಾರದ ಮಾತು ಆ ಎರಡನೇ ಚಿಂತೆ ಇರೋರಿಗೆ. ಸ್ವಲ್ಪ ಉದ್ದ ಇದೆ, ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

ಸತ್ಯವೇದದಲ್ಲಿ ಹಿಜ್ಕೀಯ ಅಂತ ಒಬ್ಬ ಅರಸ ಬರ್ತಾನೆ. ಎರಡನೇ ಅರಸುಗಳ ಪುಸ್ತಕ, 18ನೇ ಅಧ್ಯಾಯದಿಂದ 20ರವರೆಗೆ ಅವನ ಕಥೆ ಇದೆ. ಕ್ರಿ.ಪೂ. 701. ಅಶ್ಶೂರದ ಅರಸ ಸನ್ಹೇರೀಬ ಯೆಹೂದ ದೇಶದ ಮೇಲೆ ದಂಡೆತ್ತಿ ಬಂದಿದ್ದಾನೆ. ಕೋಟೆ ಇದ್ದ 46 ಊರು ಹಿಡಿದೆ ಅಂತ ಅವನೇ ತನ್ನ ಶಾಸನದಲ್ಲಿ ಬರೆಸಿಕೊಂಡಿದ್ದಾನೆ. ಹಿಜ್ಕೀಯ ದೇವಾಲಯದ ಬಾಗಿಲಿನ ಚಿನ್ನ ಕಿತ್ತು ಕಪ್ಪ ಕಟ್ಟಿದ್ರೂ ಅವನು ಬಿಡಲಿಲ್ಲ. ಕೊನೆಗೆ ಯೆರೂಸಲೇಮಿಗೂ ಒಂದು ಪತ್ರ ಬಂತು. ನಿನ್ನ ದೇವರನ್ನ ನಂಬಿ ಮೋಸ ಹೋಗಬೇಡ, ಬೇರೆ ದೇಶಗಳಿಗೆ ಏನಾಯ್ತು ಅಂತ ನೋಡಿದ್ದೀಯಲ್ಲ ಅನ್ನೋ ಅರ್ಥದ ಬೆದರಿಕೆ.

ಹಿಜ್ಕೀಯ ಪತ್ರ ಓದಿದ. ಆಮೇಲೆ ಅದನ್ನ ದೇವಾಲಯಕ್ಕೆ ತಗೊಂಡು ಹೋಗಿ ದೇವರ ಮುಂದೆ ಬಿಚ್ಚಿ ಹರಡಿದ.

ನನಗೆ ಒಪ್ಪಿಸೋದು ಅಂದ್ರೆ ಇದೇ. ಪತ್ರ ಬಂದೇ ಇಲ್ಲ ಅನ್ನೋ ಹಾಗೆ ಅವನು ನಟಿಸಲಿಲ್ಲ. ಅವನ ಪ್ರಾರ್ಥನೆಯಲ್ಲಿ, ಅಶ್ಶೂರದ ಅರಸರು ಆ ದೇಶಗಳನ್ನ ಹಾಳು ಮಾಡಿರೋದು ನಿಜ ಅಂತ ಅವನೇ ಒಪ್ಕೊಳ್ತಾನೆ. ನಮ್ಮಲ್ಲಿ ಎಷ್ಟೋ ಜನ ಇದಕ್ಕೆ ಉಲ್ಟಾ. "ಎಲ್ಲಾ ಚೆನ್ನಾಗಿದೆ, ಸ್ತೋತ್ರ" ಅಂತ ದೇವರ ಮುಂದೇನೂ ಸ್ಟೇಟಸ್ ಹಾಕ್ತೀವಿ. ಮಾರ್ಕ್ಸ್ ಕಾರ್ಡ್ ಮಡಚಿ ಜೇಬಲ್ಲಿಟ್ಕೊಂಡು "ಕರ್ತನೇ, ನನ್ನ ಓದನ್ನ ಆಶೀರ್ವದಿಸು" ಅಂತೀವಿ. ಆ ಕಾರ್ಡನ್ನ ಬಿಚ್ಚಿಡೋಕೆ ಏನು ಭಯ? ಅವನು ಅದನ್ನ ಆಗಲೇ ನೋಡಿದ್ದಾನಲ್ವಾ?

ಈಗ ಅದೇ ಕಥೆಯಲ್ಲಿ ನಾವು ಬೇಗ ದಾಟಿಬಿಡೋ ಎರಡು ವಿಷಯ ಹೇಳ್ತೀನಿ.

ಒಂದು, ಪತ್ರ ಬರೋಕೂ ಮುಂಚೇನೇ ಹಿಜ್ಕೀಯ ಪ್ರವಾದಿ ಯೆಶಾಯನ ಹತ್ರ ಜನ ಕಳಿಸಿ "ನಮಗೋಸ್ಕರ ಪ್ರಾರ್ಥಿಸು" ಅಂತ ಕೇಳಿಕೊಂಡಿದ್ದ. ಅರಸನಾಗಿದ್ದೋನು ತನ್ನ ಸಂಕಟ ಇನ್ನೊಬ್ಬರ ಹತ್ರ ಹೇಳಿಕೊಂಡ. ಅದಕ್ಕೆ ಅವನ ವಿಶ್ವಾಸ ಕಮ್ಮಿ ಅಂತ ಸತ್ಯವೇದ ಎಲ್ಲೂ ಹೇಳಲ್ಲ.

ಎರಡು, ನೀರು. ಹಿಜ್ಕೀಯ ಕೊಳ, ಕಾಲುವೆ ಮಾಡಿಸಿ ಪಟ್ಟಣದೊಳಗೆ ನೀರು ತಂದ ಅಂತ 20ನೇ ಅಧ್ಯಾಯದ ಕೊನೆಯಲ್ಲಿ ಒಂದು ವಾಕ್ಯ ಇದೆ. ಯೆರೂಸಲೇಮಲ್ಲಿ ಇವತ್ತಿಗೂ ಬಂಡೆ ಕೊರೆದು ಮಾಡಿರೋ ಒಂದು ಸುರಂಗ ಇದೆ, ಉದ್ದ ಸುಮಾರು 533 ಮೀಟರ್. ಗೀಹೋನ್ ಬುಗ್ಗೆಯಿಂದ ಸಿಲೋವ ಕೊಳಕ್ಕೆ ನೀರು ಹೋಗುತ್ತೆ. ಹಿಜ್ಕೀಯನ ಸುರಂಗ ಅಂತಾನೇ ಅದನ್ನ ಕರೀತಾರೆ. ಎರಡು ಕಡೆಯಿಂದ ಅಗೀತಾ ಬಂದ ಕೆಲಸಗಾರರು ನಡುವೆ ಹೇಗೆ ಸಂಧಿಸಿದ್ರು ಅಂತ ಬರೆದಿರೋ ಒಂದು ಶಾಸನ 1880ರಲ್ಲಿ ಅದರೊಳಗೆ ಸಿಕ್ತು. ಆ ಕಲ್ಲು ಈಗ ಇಸ್ತಾಂಬುಲ್ ಮ್ಯೂಸಿಯಂನಲ್ಲಿದೆ.

ಅಂದ್ರೆ ಪತ್ರ ಬಿಚ್ಚಿಟ್ಟು ಪ್ರಾರ್ಥಿಸಿದ ಅರಸನೇ ನೀರಿನ ವ್ಯವಸ್ಥೆನೂ ಮಾಡಿಸಿದ್ದ. ನೀರಿನ ಕೆಲಸ ಅವನ ಕೈಯಲ್ಲಿತ್ತು, ಸನ್ಹೇರೀಬನ ಸೈನ್ಯ ಇರಲಿಲ್ಲ. ಕೈಯಲ್ಲಿ ಇಲ್ಲದ್ದನ್ನ ಒಪ್ಪಿಸಿದ. ಇದ್ದದ್ದನ್ನ ಮಾಡಿದ.

"ದೇವರಿಗೆ ಒಪ್ಪಿಸಿದ್ದೀನಿ" ಅಂತ ಹೇಳಿ ಪರೀಕ್ಷೆ ಹಿಂದಿನ ರಾತ್ರಿ ಪುಸ್ತಕ ಮುಚ್ಚೋದು ಒಪ್ಪಿಸೋದಲ್ಲ. ನಿಮ್ಮ ಕೆಲಸಾನ ದೇವರ ತಲೆಗೆ ಕಟ್ಟೋದು. ಹಾಗೇನೇ, ಹಗಲೂ ರಾತ್ರಿ ಓದಿ, ರಿಸಲ್ಟ್ ಬರೋವರೆಗೂ ಊಟ ಬಿಟ್ಟು ಕೂರೋದು ದೇವರ ಕೆಲಸಾನ ನಿಮ್ಮ ತಲೆ ಮೇಲೆ ಹೊತ್ಕೊಳ್ಳೋದು. ಎರಡೂ ಬೇಡ.

ಪೇತ್ರನ ಮೊದಲ ಪತ್ರ 5ನೇ ಅಧ್ಯಾಯ ತೆಗೀರಿ. 7ನೇ ವಚನ ನಮಗೆಲ್ಲ ಬಾಯಿಪಾಠ, ಚಿಂತೆಯನ್ನೆಲ್ಲ ದೇವರ ಮೇಲೆ ಹಾಕೋ ಬಗ್ಗೆ ಇರೋದು. ಅಲ್ಲಿರೋ ಗ್ರೀಕ್ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಕಡೆ ಬರುತ್ತೆ: ಯೇಸು ಯೆರೂಸಲೇಮಿಗೆ ಬರುವಾಗ ಶಿಷ್ಯರು ತಮ್ಮ ಬಟ್ಟೆಗಳನ್ನ ಕತ್ತೆಮರಿ ಮೇಲೆ ಹಾಕಿದ್ರಲ್ಲ, ಅಲ್ಲಿ. ಹೆಗಲ ಮೇಲಿದ್ದದ್ದನ್ನ ತೆಗೆದು ಇನ್ನೊಂದರ ಬೆನ್ನಿಗೆ ಹಾಕೋದು. ಅದರ ಮುಂದಿನ 8ನೇ ವಚನ ಮಾತ್ರ ಯಾರೂ ಸ್ಟೇಟಸ್‌ಗೆ ಹಾಕಲ್ಲ. ಅದು ಎಚ್ಚರವಾಗಿರಿ ಅನ್ನುತ್ತೆ, ಆರಾಮಾಗಿ ಮಲಗಿ ಅಂತಲ್ಲ.

ಇನ್ನು "ಚಿಂತೆ ಬಂದ್ರೆ ವಿಶ್ವಾಸ ಇಲ್ಲ ಅಂತ ಅರ್ಥ" ಅನ್ನೋರಿಗೆ ಒಂದು ಮಾತು. ಯಾವುದಕ್ಕೂ ಚಿಂತೆ ಮಾಡದೆ ಪ್ರಾರ್ಥಿಸಿ ಅಂತ ಫಿಲಿಪ್ಪಿಯವರಿಗೆ ಬರೆದದ್ದು ಪೌಲ, ಅದೂ ಸೆರೆಯಲ್ಲಿದ್ದಾಗ. ಅದೇ ಪೌಲ ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ, ಎಲ್ಲಾ ಸಭೆಗಳ ಚಿಂತೆ ದಿನಾ ನನ್ನ ಮೇಲಿದೆ ಅಂತ ಹೇಳ್ಕೊಂಡಿದ್ದಾನೆ. ಪೌಲನಿಗೇ ಪ್ರತಿದಿನ ಬರ್ತಿತ್ತು. ನಿಮಗೆ ಬಂದ್ರೆ ಅದು ಪಾಪ ಅಲ್ಲ. ಬಂದಾಗ ಅದನ್ನ ಎಲ್ಲಿಗೆ ತಗೊಂಡು ಹೋಗ್ತೀರಿ ಅನ್ನೋದು ಮುಖ್ಯ.

ಒಂದೇ ಸಲ ಒಪ್ಪಿಸಿದ್ರೆ ಮುಗೀತು ಅಂತಾನೂ ಅಂದ್ಕೋಬೇಡಿ. ಗೆತ್ಸೇಮನೆಯಲ್ಲಿ ಯೇಸುಸ್ವಾಮಿ ಅದೇ ಪ್ರಾರ್ಥನೆ ಮೂರು ಸಲ ಮಾಡಿದರು. ಮನಸ್ಸು ಎಷ್ಟು ನೊಂದಿದೆ ಅಂತ ಶಿಷ್ಯರಿಗೆ ಬಾಯಿಬಿಟ್ಟು ಹೇಳಿದರು, ಜೊತೆಗೆ ಎಚ್ಚರವಾಗಿರಿ ಅಂತ ಕೇಳಿಕೊಂಡರು. ಆದರೂ ಆ ಪಾತ್ರೆ ತಪ್ಪಲಿಲ್ಲ. ಹಿಜ್ಕೀಯನ ಪಟ್ಟಣ ಉಳೀತು, ಯೇಸುವಿಗೆ ಶಿಲುಬೆ ಬಂತು. ಅದಕ್ಕೇ "ಪ್ರಾರ್ಥನೆ ಮಾಡು, ಸೀಟು ಗ್ಯಾರಂಟಿ" ಅಂತ ನಾನು ಯಾರಿಗೂ ಹೇಳಲ್ಲ. ಯಾರಾದ್ರೂ ನಿಮಗೆ ಹೇಳಿದ್ರೆ ನಂಬಬೇಡಿ. ಸೀಟು ಸಿಗದೇ ಇರಬಹುದು. ಆ ದಿನಾನೂ ನೀವು ಒಂಟಿಯಾಗಿರಲ್ಲ ಅನ್ನೋದು ನಮ್ಮ ನಂಬಿಕೆ.

ಈ ವಾರ ಒಂದು ಕೆಲಸ ಮಾಡಿ. ಒಂದು ಹಾಳೆ ತಗೊಂಡು ನಿಮ್ಮ "ಪತ್ರ" ಬರೀರಿ. "ನನ್ನ ಭವಿಷ್ಯ" ಅಂತ ದೊಡ್ಡದಾಗಿ ಬೇಡ. "ಮ್ಯಾಥ್ಸ್ ಬ್ಯಾಕ್‌ಲಾಗ್", "ಅಪ್ಪನ ಶುಗರ್", "ಪಿಜಿ ಬಾಡಿಗೆ" ಅಂತ ಹೆಸರಿಟ್ಟು ಬರೀರಿ. ಪ್ರತಿಯೊಂದರ ಪಕ್ಕ, ಇವತ್ತು ನಿಮ್ಮ ಕೈಲಿ ಏನಾಗುತ್ತೆ ಅಂತ ಒಂದು ಸಾಲು. ಏನೂ ಆಗಲ್ಲ ಅಂದ್ರೆ ಖಾಲಿ ಬಿಡಿ. ಆಮೇಲೆ ಆ ಹಾಳೆನ ದೇವರ ಮುಂದೆ ಹರಡಿ, ಮನೇಲಿ ಮಾತಾಡೋ ಕನ್ನಡದಲ್ಲೇ ಜೋರಾಗಿ ಹೇಳಿ. ಪಾಸ್ಟರ್ ಥರ ಮಾತು ಜೋಡಿಸಬೇಕಾಗಿಲ್ಲ. ನಾಳೆ ಮತ್ತೆ ಅದೇ ಚಿಂತೆ ಬಂದ್ರೆ ಮತ್ತೆ ಅದೇ ಹಾಳೆ ಹರಡಿ.

ಮತ್ತೆ ಇದನ್ನ ಸ್ಕಿಪ್ ಮಾಡಬೇಡಿ. ವಾರಗಟ್ಟಲೆ ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ, ಬದುಕೋದೇ ಬೇಡ ಅನ್ನಿಸ್ತಿದೆ ಅಂದ್ರೆ, ಇವತ್ತೇ ಒಬ್ಬರ ಹತ್ರ ಬಾಯಿಬಿಟ್ಟು ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಹಗಲೂ ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರ್ ಹತ್ರ ಹೋಗೋದು ದೇವರನ್ನ ಬಿಟ್ಟ ಹಾಗಲ್ಲ. ಹಿಜ್ಕೀಯನೂ ಯೆಶಾಯನ ಹತ್ರ ಜನ ಕಳಿಸಿದ್ದ ಅಂತ ಈಗ ತಾನೇ ಓದಿದ್ರಲ್ಲ.

ನಿಮ್ಮ ಹಾಳೆಯಲ್ಲಿ ಮೊದಲನೇ ಸಾಲು ಏನು? ಹೇಳಬೇಕು ಅನ್ನಿಸಿದ್ರೆ ಮೆಸೇಜ್ ಮಾಡಿ, ಹೆಸರಿಟ್ಟು ಪ್ರಾರ್ಥಿಸ್ತೀನಿ. ಕ್ಲಾಸಲ್ಲಿ ಇತ್ತೀಚೆಗೆ ಸುಮ್ಮನಾಗಿರೋ ಒಬ್ಬರಿಗೆ ಇದನ್ನ ಕಳಿಸಿ. ಬರೀ ಶೇರ್ ಮಾಡಿ ಬಿಡಬೇಡಿ, "ಊಟ ಆಯ್ತಾ?" ಅಂತಾನೂ ಕೇಳಿ.

#ಭಾನುವಾರದ_ಮಾತು #ಪ್ರಾರ್ಥನೆ #ಹಿಜ್ಕೀಯನ_ಪತ್ರ